ಎಲೆಕ್ಟ್ರಾನ್ ಬಿಸಿ ಎಲ್ಲಿ ಸೋರುತ್ತಿದೆ? ಟೋಕಮಾಕ್ ಲೆಕ್ಕಕ್ಕೆ ಯಾವ ಮಾದರಿ ಆರಿಸಬೇಕು

ಫ್ಯೂಷನ್ ಪ್ರಯೋಗದ ಯಂತ್ರವಾದ ಟೋಕಮಾಕ್‌ನಲ್ಲಿ ಎಲೆಕ್ಟ್ರಾನ್‌ಗಳ ಬಿಸಿ ಎಷ್ಟು ಬೇಗ ಹೊರಗೆ ಸೋರುತ್ತದೆ ಎಂದು ನೀವು ಲೆಕ್ಕ ಹಾಕಬೇಕಾಗಿದೆ ಅಂದುಕೊಳ್ಳಿ. ಎಂಎಸ್ಸಿ ಪ್ರಾಜೆಕ್ಟ್ ಇರಬಹುದು, ಪಿಎಚ್‌ಡಿಯ ಮೊದಲ ವರ್ಷ ಇರಬಹುದು. ಕೈಯಲ್ಲಿ ಅಳೆದ ಒಂದಷ್ಟು ಅಂಕಿಗಳಿವೆ, ಯಾವುದೋ ಕ್ಲಸ್ಟರ್‌ನಲ್ಲಿ ಒಂದಷ್ಟು ಗಂಟೆ ಸಿಕ್ಕಿದೆ. ಮುಂದೆ? ಒಂದೇ ಸಾಲಿನ ಸೂತ್ರವೂ ಇದೆ, ಸೂಪರ್‌ಕಂಪ್ಯೂಟರನ್ನು ತಿಂಗಳುಗಟ್ಟಲೆ ಕೂರಿಸಿಕೊಳ್ಳುವ ಲೆಕ್ಕವೂ ಇದೆ. ನಡುವೆ ನಾಲ್ಕೈದು ದಾರಿಗಳಿವೆ.

ನಾನು ನೋಡಿದ ಹಾಗೆ ಹೆಚ್ಚಿನವರು ಎಡವುವುದು ಒಂದೇ ಕಡೆ. ದೊಡ್ಡ ಲೆಕ್ಕವೇ ಒಳ್ಳೆಯ ಲೆಕ್ಕ ಎಂದು ನಂಬಿ ಅಲ್ಲಿಂದಲೇ ಶುರು ಮಾಡುತ್ತಾರೆ. ಬಿಸಿಯನ್ನು ಹೊರುತ್ತಿರುವ ಸುಳಿ ಯಾವ ಗಾತ್ರದ್ದು ಎಂದು ಮೊದಲು ಪತ್ತೆ ಮಾಡಬೇಕು. ಅದು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಸೋರುವುದು ಏನು, ಹೇಗೆ

ಟೋಕಮಾಕ್ ಅಂದರೆ ಉದ್ದಿನ ವಡೆಯ ಆಕಾರದ ಪಾತ್ರೆ. (ಮದ್ದೂರು ವಡೆ ಅಲ್ಲ, ತೂತು ಇರಲೇಬೇಕು.) ಒಳಗಿನ ಪ್ಲಾಸ್ಮಾವನ್ನು, ಅಂದರೆ ಅಯಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆದ ಅನಿಲವನ್ನು, ಕಾಂತಕ್ಷೇತ್ರ ಹಿಡಿದಿಡುತ್ತದೆ. ದೊಡ್ಡ ಯಂತ್ರದ ನಡುವೆ 10 ಕೆಇವಿ ತಾಪ, ಅಂದರೆ 11 ಕೋಟಿ ಡಿಗ್ರಿಗೂ ಮೇಲೆ. ಅಲ್ಲಿಂದ ಎರಡು ಮೀಟರ್ ಆಚೆ ಲೋಹದ ಗೋಡೆ. ಇಷ್ಟು ಕಡಿದಾದ ತಾಪದ ಇಳಿಜಾರು ಇದ್ದರೆ ಪ್ಲಾಸ್ಮಾ ಸುಮ್ನೆ ಕೂರುವುದಿಲ್ಲ ಅಲ್ವಾ?

ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ ಮಾತ್ರ ಬಿಸಿ ಹೊರಬರುತ್ತದೆ ಎಂದುಕೊಂಡು ಲೆಕ್ಕ ಹಾಕಿದರೆ ಎಲೆಕ್ಟ್ರಾನ್‌ಗಳ ಪಾಲು ತೀರಾ ಚಿಕ್ಕದು. ಅಳೆದರೆ ಅದರ ನೂರು ಪಟ್ಟಿನ ಆಸುಪಾಸಿನಲ್ಲಿ ಸಿಗುತ್ತದೆ. ಬಿಸಿ ಹರಡುವ ದರ ಸೆಕೆಂಡಿಗೆ ಒಂದು ಚದರ ಮೀಟರ್ ಮಟ್ಟದಲ್ಲಿರುತ್ತದೆ. ಈ ಹೆಚ್ಚಿನ ಪಾಲನ್ನು ಹೊರುವುದು ಟರ್ಬ್ಯುಲೆನ್ಸ್, ಅಂದರೆ ಸಣ್ಣ ಸಣ್ಣ ಸುಳಿಗಳು.

ಸುಳಿಯ ಗಾತ್ರವನ್ನು ನಿರ್ಧರಿಸುವುದು ಕಣಗಳು ಕಾಂತರೇಖೆಯ ಸುತ್ತ ಹಾಕುವ ಸುತ್ತಿನ ಗಾತ್ರ. 5 ಟೆಸ್ಲಾ ಕ್ಷೇತ್ರ, 10 ಕೆಇವಿ ತಾಪ ಇದ್ದರೆ ಡ್ಯೂಟೀರಿಯಂ ಅಯಾನಿನ ಸುತ್ತಿನ ತ್ರಿಜ್ಯ ಸುಮಾರು 3 ಮಿಲಿಮೀಟರ್. ಎಲೆಕ್ಟ್ರಾನ್‌ನದು 0.05 ಮಿಲಿಮೀಟರ್. ಎರಡರ ನಡುವೆ 60 ಪಟ್ಟು ಅಂತರ. ಡ್ಯೂಟೀರಿಯಂ ಎಲೆಕ್ಟ್ರಾನ್‌ಗಿಂತ ಸುಮಾರು 3,670 ಪಟ್ಟು ಭಾರ, ಅದರ ವರ್ಗಮೂಲವೇ ಈ 60. ಈ ಒಂದು ಸಂಖ್ಯೆಯನ್ನು ನೆನಪಿಡಿ. ಮುಂದಿನ ಖರ್ಚುವೆಚ್ಚವೆಲ್ಲ ಇದರ ಸುತ್ತಲೇ.

ಎಲೆಕ್ಟ್ರಾನ್ ಬಿಸಿಯನ್ನು ಹೊರುವ ಕಳ್ಳರು ಮುಖ್ಯವಾಗಿ ನಾಲ್ವರು. ಅಯಾನ್ ತಾಪದ ಇಳಿಜಾರಿನಿಂದ ಹುಟ್ಟುವ ಐಟಿಜಿ. ಕಾಂತಕ್ಷೇತ್ರದ ದುರ್ಬಲ ಕಡೆಯಲ್ಲಿ ಸಿಕ್ಕಿಕೊಂಡು ಹಿಂದೆ ಮುಂದೆ ಓಡಾಡುವ ಎಲೆಕ್ಟ್ರಾನ್‌ಗಳಿಂದ ಹುಟ್ಟುವ ಟಿಇಎಂ. ಎಲೆಕ್ಟ್ರಾನ್ ತಾಪದ ಇಳಿಜಾರಿನಿಂದ ಹುಟ್ಟುವ ಇಟಿಜಿ. ನಾಲ್ಕನೆಯದು ಕಾಂತರೇಖೆಗಳನ್ನೇ ಹರಿದು ಹೊಲಿಯುವ ಎಂಟಿಎಂ, ಅಂದರೆ ಮೈಕ್ರೋಟೇರಿಂಗ್. ಐಟಿಜಿ, ಟಿಇಎಂ ದೊಡ್ಡ ಸುಳಿಗಳು, ಅಯಾನ್ ಗಾತ್ರದವು. ಇಟಿಜಿ ಎಲೆಕ್ಟ್ರಾನ್ ಗಾತ್ರದ್ದು. ಎಂಟಿಎಂ ಅಡ್ಡಡ್ಡಕ್ಕೆ ಅಯಾನ್ ಗಾತ್ರ, ಆದರೆ ಒಳಹೊರಗಿನ ದಿಕ್ಕಿನಲ್ಲಿ ಬಹಳ ತೆಳು. ಹಾಗಾಗಿ ಲೆಕ್ಕಕ್ಕೆ ಅದು ತಲೆನೋವು.

ಒಂದು ಸಾಲಿನ ಸೂತ್ರ

ಅತಿ ಅಗ್ಗದ ದಾರಿ ಅನುಭವದ ಸೂತ್ರ. ಹಲವು ಯಂತ್ರಗಳ ಅಂಕಿಗಳನ್ನು ಸೇರಿಸಿ ಗೆರೆ ಎಳೆದದ್ದು. 1999ರಲ್ಲಿ ಪ್ರಕಟವಾದ ಐಪಿಬಿ98 ಸೂತ್ರ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಅದರ ಪ್ರಕಾರ ಪ್ಲಾಸ್ಮಾದೊಳಗಿನ ಕರೆಂಟ್ ಹೆಚ್ಚಿಸಿದರೆ ಬಿಸಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಯಂತ್ರ ಇಮ್ಮಡಿ ದೊಡ್ಡದಾದರೆ ಸುಮಾರು ನಾಲ್ಕು ಪಟ್ಟು. ಆದರೆ ಬಿಸಿ ಮಾಡುವ ಶಕ್ತಿಯನ್ನು ಇಮ್ಮಡಿ ಮಾಡಿದರೆ ಹಿಡಿದಿಡುವ ಕಾಲ 0.62 ಪಟ್ಟಿಗೆ ಇಳಿಯುತ್ತದೆ. ಎರಡರಷ್ಟು ಕಟ್ಟಿಗೆ ಹಾಕಿದರೂ ಒಳಗೆ ಉಳಿಯುವುದು ಕಾಲು ಭಾಗ ಹೆಚ್ಚು, ಅಷ್ಟೇ.

ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಇಟರ್ ಯಂತ್ರದಲ್ಲಿ 15 ಮೆಗಾಆಂಪ್ ಕರೆಂಟ್‌ನಲ್ಲಿ ಬಿಸಿ ಸುಮಾರು 3.7 ಸೆಕೆಂಡ್ ಉಳಿಯಬೇಕು ಎಂಬ ಅಂದಾಜು ಇದೇ ಜಾತಿಯ ಸೂತ್ರದಿಂದ ಬಂದದ್ದು. 50 ಮೆಗಾವಾಟ್ ಕೊಟ್ಟು 500 ಮೆಗಾವಾಟ್ ಪಡೆಯುವ ಗುರಿ ನಿಂತಿರುವುದು ಅದರ ಮೇಲೆ.

ಹೊಸ ಯಂತ್ರದ ಗಾತ್ರ ಎಷ್ಟಿರಬೇಕು ಎನ್ನುವ ಪ್ರಶ್ನೆಗೆ ಇದು ಸಾಕು. ನಿಮ್ಮ ಪ್ರಶ್ನೆಗೆ ಸಾಲದು. ಇದು ಎಲೆಕ್ಟ್ರಾನ್ ಬಿಸಿಯನ್ನೂ ಅಯಾನ್ ಬಿಸಿಯನ್ನೂ ಬೇರೆ ಮಾಡುವುದೇ ಇಲ್ಲ. ಎಲ್ಲಿ ಸೋರಿತು, ಯಾಕೆ ಸೋರಿತು ಎಂದೂ ಹೇಳುವುದಿಲ್ಲ. ಇಟರ್‌ನಲ್ಲಿ ಫ್ಯೂಷನ್‌ನಿಂದ ಹುಟ್ಟುವ 3.5 ಎಂಇವಿ ಆಲ್ಫಾ ಕಣಗಳು ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ಮೊದಲು ಎಲೆಕ್ಟ್ರಾನ್‌ಗಳಿಗೇ ಕೊಡುತ್ತವೆ. ಗೆರೆ ಎಳೆಯಲು ಬಳಸಿದ ಹಳೆಯ ಯಂತ್ರಗಳಲ್ಲಿ ಹಾಗಿರಲಿಲ್ಲ. ನನಗೆ ಈ ಸೂತ್ರದ ಮೇಲೆ ಗೌರವ ಇದೆ. ಆದರೆ ಅದರಿಂದ ಭೌತಶಾಸ್ತ್ರ ಹಿಂಡಲು ಹೋಗಬೇಡಿ.

ಲೀನಿಯರ್ ರನ್: ಇದನ್ನು ಬಿಡಲೇಬೇಡಿ

ಇದು ಆಯ್ಕೆಯಲ್ಲ, ಆಯ್ಕೆಗೆ ಮುಂಚಿನ ಕೆಲಸ. ಜೈರೊಕೈನೆಟಿಕ್ ಕೋಡ್ (ಕಣಗಳ ವೇಗದ ಸುತ್ತನ್ನು ಸರಾಸರಿ ಮಾಡಿ ಸುಳಿಗಳ ಲೆಕ್ಕ ಹಾಕುವ ಪ್ರೋಗ್ರಾಂ) ಯಾವುದಾದರೂ ಆಗಬಹುದು. ಸ್ಯಾನ್ ಡಿಯಾಗೋದ ಜನರಲ್ ಅಟಾಮಿಕ್ಸ್‌ನ ಸಿಜೈರೊ, ಜರ್ಮನಿಯ ಗಾರ್ಚಿಂಗ್‌ನಲ್ಲಿ ಬೆಳೆದ ಜೀನ್, ಎಲ್ಲರಿಗೂ ತೆರೆದಿರುವ ಜಿಎಸ್2. ಸುಳಿಗಳು ಒಂದಕ್ಕೊಂದು ತಾಗದ ಹಾಗೆ ಇಟ್ಟು, ಪ್ರತಿ ಗಾತ್ರದ ಅಲೆ ಎಷ್ಟು ಬೇಗ ಬೆಳೆಯುತ್ತದೆ ಎಂದು ನೋಡಿ. ಒಂದು ಸಣ್ಣ ಕ್ಲಸ್ಟರ್ ಸಾಕು.

ಸಿಕ್ಕ ಬೆಳವಣಿಗೆಯ ವೇಗವನ್ನು ಅಲೆಸಂಖ್ಯೆಯಿಂದ (ಅಲೆ ಸಣ್ಣದಾದಷ್ಟೂ ಇದು ದೊಡ್ಡದು) ಭಾಗಿಸಿ. ಎಲೆಕ್ಟ್ರಾನ್ ಗಾತ್ರದ ಕಡೆ ಬರುವ ಅತಿ ದೊಡ್ಡ ಬೆಲೆ, ಅಯಾನ್ ಗಾತ್ರದ ಕಡೆಯ ಅತಿ ದೊಡ್ಡ ಬೆಲೆಗಿಂತ ಹೆಚ್ಚಿದ್ದರೆ ಇಟಿಜಿಯನ್ನು ಬಿಡುವ ಹಾಗಿಲ್ಲ. ಕಡಿಮೆ ಇದ್ದರೆ ದೊಡ್ಡ ಸುಳಿಗಳ ಲೆಕ್ಕ ಮಾತ್ರ ಸಾಕಾಗುವ ಸಾಧ್ಯತೆ ಜಾಸ್ತಿ. ಇದು ಕಲ್ಲಿನ ಮೇಲೆ ಕೊರೆದ ನಿಯಮವಲ್ಲ. ಆದರೂ ಈ ಭಾಗಾಕಾರ ಎಷ್ಟೋ ಲಕ್ಷ ಗಂಟೆ ಉಳಿಸುತ್ತದೆ.

ಅಲೆ ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನೂ ಬರೆದಿಡಿ. ಐಟಿಜಿ ಅಯಾನ್‌ಗಳು ಸರಿಯುವ ದಿಕ್ಕಿಗೆ ಓಡುತ್ತದೆ. ಟಿಇಎಂ, ಎಂಟಿಎಂ ಸಾಮಾನ್ಯವಾಗಿ ಎಲೆಕ್ಟ್ರಾನ್‌ಗಳ ದಿಕ್ಕಿಗೆ. ಈ ಎರಡನ್ನು ಬೇರೆ ಮಾಡಲು ಕಾಂತಕ್ಷೇತ್ರದ ಅಲುಗಾಟ ಎಷ್ಟಿದೆ ಎಂದು ನೋಡಬೇಕು.

ಕ್ವಾಸಿಲೀನಿಯರ್: ದಿನನಿತ್ಯದ ಕೆಲಸಕ್ಕೆ

ಮನೆಗೆ ಒಂದೇ ವಾಹನ ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಲೀನಿಯರ್ ಅಲೆಯ ಆಕಾರದಿಂದ ಯಾವ ಕಣ ಎಷ್ಟು ಬಿಸಿ ಹೊರುತ್ತದೆ ಎಂಬ ಅನುಪಾತ ತೆಗೆದುಕೊಳ್ಳುತ್ತಾರೆ. ಅಲೆ ಎಷ್ಟು ಎತ್ತರಕ್ಕೆ ಬೆಳೆದು ನಿಲ್ಲುತ್ತದೆ ಎಂಬುದನ್ನು ಮಾತ್ರ ಒಂದು ನಿಯಮದಿಂದ ತುಂಬುತ್ತಾರೆ. ಆ ನಿಯಮವನ್ನು ದೊಡ್ಡ ಲೆಕ್ಕಗಳಿಗೆ ಹೊಂದಿಸಿ ಕಲಿಸಿರುತ್ತಾರೆ. ಪೂರ್ತಿ ಟರ್ಬ್ಯುಲೆನ್ಸ್ ಲೆಕ್ಕಕ್ಕಿಂತ ಲಕ್ಷಾಂತರ ಪಟ್ಟು ವೇಗ.

ಇದರಲ್ಲಿ ಎರಡು ಹೆಸರು ಹೆಚ್ಚು ಕೇಳುತ್ತೀರಿ. ಒಂದು ಜನರಲ್ ಅಟಾಮಿಕ್ಸ್‌ನ ಟಿಜಿಎಲ್ಎಫ್, ಇನ್ನೊಂದು ಫ್ರಾನ್ಸ್‌ನ ಕ್ಯಾಡರಾಶ್‌ನಲ್ಲಿ ಹುಟ್ಟಿದ ಕ್ವಾಲಿಕಿಜ್. ಯಾವುದು?

ಪ್ಲಾಸ್ಮಾದ ಅಡ್ಡಕೊಯ್ತ ದುಂಡಗಿಲ್ಲದಿದ್ದರೆ, ಒತ್ತಡ ಜಾಸ್ತಿ ಇದ್ದು ಕಾಂತಕ್ಷೇತ್ರವೂ ಅಲುಗಾಡುವ ಹಾಗಿದ್ದರೆ ಟಿಜಿಎಲ್ಎಫ್ ಕಡೆ ಹೋಗಿ. ಕ್ವಾಲಿಕಿಜ್ ಸರಳ ದುಂಡು ಆಕಾರ ಹಿಡಿಯುತ್ತದೆ, ಕಾಂತಕ್ಷೇತ್ರದ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎಂಟಿಎಂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಬದಲು ಕೋಡ್ ಹಗುರ, ತೆರೆದ ಮನೆ, ಕಲಿಯಲು ಸುಲಭ. ಐಟಿಜಿ, ಟಿಇಎಂ, ಇಟಿಜಿ ಮೂರನ್ನೂ ನೋಡುತ್ತದೆ.

ಟಿಜಿಎಲ್ಎಫ್ ಹಿಡಿದರೆ ಒಂದು ಎಚ್ಚರ. ಅದರಲ್ಲಿ ಅಲೆಯ ಎತ್ತರ ಹೇಳುವ ನಿಯಮಗಳು ಒಂದಕ್ಕಿಂತ ಹೆಚ್ಚು ಇವೆ. ಸ್ಯಾಟ್0 ಹಳೆಯದು. ಸ್ಯಾಟ್1 ಬಂದದ್ದು 2016ರಲ್ಲಿ. ದೊಡ್ಡ ಸುಳಿ ಮತ್ತು ಸಣ್ಣ ಸುಳಿ ಎರಡೂ ಒಟ್ಟಿಗೆ ಇರುವ ಲೆಕ್ಕಗಳಿಂದ ಅದಕ್ಕೆ ಪಾಠ ಹೇಳಿದ್ದಾರೆ. ಎಲೆಕ್ಟ್ರಾನ್ ಬಿಸಿಯೇ ನಿಮ್ಮ ವಿಷಯವಾದರೆ ಸ್ಯಾಟ್0 ಹಿಡಿಯಬೇಡಿ. ಸ್ಯಾಟ್1 ಅಥವಾ ಅದರ ನಂತರದ್ದು ಹಾಕಿ, ಯಾವುದು ಹಾಕಿದಿರಿ ಎಂದು ವರದಿಯಲ್ಲಿ ಬರೆಯಿರಿ. ಇದನ್ನು ಬರೆಯದೆ ಬಿಟ್ಟ ಎಷ್ಟೋ ವರದಿಗಳನ್ನು ಓದಿ ತಲೆ ಕೆರೆದುಕೊಂಡಿದ್ದೇನೆ.

ಇದಕ್ಕಿಂತ ವೇಗ ಬೇಕೇ? ಕ್ವಾಲಿಕಿಜ್‌ನ ಸುಮಾರು 30 ಕೋಟಿ ಲೆಕ್ಕಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಉಣಿಸಿದ ಮಾದರಿ ಇದೆ. 2024ರಲ್ಲಿ ಗೂಗಲ್ ಡೀಪ್‌ಮೈಂಡ್ ತೆರೆದಿಟ್ಟ ಟೋರಾಕ್ಸ್ ಎಂಬ ಕೋಡ್ ಇಂಥ ನೆಟ್‌ವರ್ಕನ್ನೇ ಬಳಸುತ್ತದೆ. ಇಡೀ ಪ್ಲಾಸ್ಮಾ ಪ್ರಯೋಗವನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸಬಹುದು. ಆದರೆ ಗುರುವಿಗೆ ಗೊತ್ತಿಲ್ಲದ್ದು ಶಿಷ್ಯನಿಗೂ ಗೊತ್ತಿರುವುದಿಲ್ಲ. ಕ್ವಾಲಿಕಿಜ್ ಕಾಣದ ಎಂಟಿಎಂ ಇಲ್ಲೂ ಕಾಣುವುದಿಲ್ಲ. ತರಬೇತಿಯ ಗಡಿ ದಾಟಿದರೆ ಉತ್ತರ ಬರುತ್ತದೆ, ಭರವಸೆ ಬರುವುದಿಲ್ಲ.

ದೊಡ್ಡ ಸುಳಿ ಮಾತ್ರ, ಆದರೆ ಪೂರ್ತಿ ಲೆಕ್ಕ

ಇಲ್ಲಿಂದ ಖರ್ಚು ಏರುತ್ತದೆ. ಒಂದು ಕಾಂತರೇಖೆಯ ಸುತ್ತಲಿನ ತೆಳು ಕೊಳವೆಯಷ್ಟು ಜಾಗ ತೆಗೆದುಕೊಂಡು, ಸುಳಿಗಳು ಒಂದನ್ನೊಂದು ತಿನ್ನುವುದು, ಹರಿಯುವುದು ಎಲ್ಲವನ್ನೂ ನಡೆಯಲು ಬಿಡುತ್ತಾರೆ. ಸಾವಿರಾರು ಕೋರ್, ಕೆಲವು ಗಂಟೆಯಿಂದ ಕೆಲವು ದಿನ.

ಹೊಸಬರು ಬೀಳುವ ಹಳ್ಳ ಇಲ್ಲೇ ಇದೆ, ನಾನೂ ಬಿದ್ದಿದ್ದೇನೆ. ಖರ್ಚು ಉಳಿಸಲು ಎಲೆಕ್ಟ್ರಾನ್‌ಗಳನ್ನು ಅಡಿಯಾಬ್ಯಾಟಿಕ್ (ಅಲೆಗೆ ತಕ್ಷಣ ಹೊಂದಿಕೊಂಡುಬಿಡುವವು) ಎಂದು ಇಡುವ ಒಂದು ಆಯ್ಕೆ ಇನ್‌ಪುಟ್ ಫೈಲಿನಲ್ಲಿ ಇರುತ್ತದೆ. ಹಾಗಿಟ್ಟರೆ ಲೆಕ್ಕ ಹತ್ತಾರು ಪಟ್ಟು ಬೇಗ ಓಡುತ್ತದೆ. ಅಯಾನ್ ಬಿಸಿಗೆ ಚೆಂದದ ಉತ್ತರ ಕೊಡುತ್ತದೆ. ಎಲೆಕ್ಟ್ರಾನ್ ಬಿಸಿಯ ಹರಿವು ಮಾತ್ರ ಸೊನ್ನೆ. ಸಣ್ಣ ಸಂಖ್ಯೆ ಅಲ್ಲ, ಖಂಡಿತ ಸೊನ್ನೆ. ಟಿಇಎಂ ಕೂಡ ಮಾಯ. ನೀವು ಅಳೆಯಲು ಹೊರಟಿದ್ದನ್ನೇ ಸಮೀಕರಣದಿಂದ ತೆಗೆದುಹಾಕಿರುತ್ತೀರಿ. ಕೈನೆಟಿಕ್ ಎಲೆಕ್ಟ್ರಾನ್ ಇಲ್ಲದೆ, ಅಂದರೆ ಎಲೆಕ್ಟ್ರಾನ್‌ಗಳ ಚಲನೆಯನ್ನೂ ಪೂರ್ತಿ ಲೆಕ್ಕ ಹಾಕದೆ, ಈ ದಾರಿಗೆ ಕಾಲಿಡಬೇಡಿ.

ಇನ್ನೊಂದು ವಿಷಯ. ಹೊಲದ ಕಣದಲ್ಲಿ ರಾಗಿ ರಾಶಿ ಹಾಕಿದ್ದು ನೋಡಿದ್ದೀರಲ್ಲ. ತುದಿಗೆ ಎಷ್ಟು ಸುರಿದರೂ ರಾಶಿಯ ಇಳಿಜಾರು ಹೆಚ್ಚು ಬದಲಾಗುವುದಿಲ್ಲ. ಹೆಚ್ಚಾದದ್ದು ಜಾರಿ ಕೆಳಗೆ ಬರುತ್ತದೆ. ಪ್ಲಾಸ್ಮಾದ ತಾಪವೂ ಹೀಗೆಯೇ. ಒಂದು ಹೊಸ್ತಿಲು ಇದೆ. ಇಳಿಜಾರು ಅದನ್ನು ಸ್ವಲ್ಪ ದಾಟಿದರೂ ಬಿಸಿ ಭರ್ರನೆ ಹೊರಗೆ ಹರಿಯುತ್ತದೆ. ಲೆಕ್ಕ ಹಾಕುವವನಿಗೆ ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ನೀವು ಅಳೆದ ಇಳಿಜಾರಿನಲ್ಲಿ ಶೇ. 10ರಷ್ಟು ತಪ್ಪಿದ್ದರೆ ಲೆಕ್ಕದ ಹರಿವು ಎರಡು ಪಟ್ಟು ಆಚೀಚೆ ಆಗಬಹುದು. ಆದ್ದರಿಂದ ಒಂದೇ ಇಳಿಜಾರಿಗೆ ಓಡಿಸಿ ‘ಹೊಂದಿತು’, ‘ಹೊಂದಲಿಲ್ಲ’ ಎಂದು ಬರೆಯಬೇಡಿ. ಅಳತೆಯ ತಪ್ಪಿನ ಒಳಗೆ ಮೂರು ನಾಲ್ಕು ಇಳಿಜಾರುಗಳಿಗೆ ಓಡಿಸಿ. ಒಂದು ಭಾರಿ ಲೆಕ್ಕಕ್ಕಿಂತ ನಾಲ್ಕು ಸಾಧಾರಣ ಲೆಕ್ಕ ಮೇಲು ಎನ್ನುವುದು ಇದಕ್ಕೇ.

ಸಣ್ಣ ಸುಳಿ ಮಾತ್ರ

ಸುಲಭದ ಅಂದಾಜಿನಲ್ಲಿ ಇಟಿಜಿ ಹೊರುವ ಬಿಸಿ ಐಟಿಜಿಯ 60ರಲ್ಲಿ ಒಂದು ಪಾಲು ಇರಬೇಕು. ಹಾಗಾಗಿ ಬಹಳ ಕಾಲ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. 2000ನೇ ಇಸವಿಯಲ್ಲಿ ಫ್ರಾಂಕ್ ಜೆಂಕೊ, ವಿಲಿಯಂ ಡಾರ್ಲಂಡ್ ಮತ್ತು ಜೊತೆಗಾರರ ಲೆಕ್ಕಗಳು ಇದನ್ನು ತಿರುಗಿಸಿದವು. ಇಟಿಜಿಯ ಸುಳಿಗಳು ದುಂಡಗಿರುವುದಿಲ್ಲ, ಹೊರಮುಖವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಇವಕ್ಕೆ ಸ್ಟ್ರೀಮರ್ ಎನ್ನುತ್ತಾರೆ. ಐಟಿಜಿಯಲ್ಲಿ ಸುಳಿಗಳನ್ನು ಕತ್ತರಿಸುವ ಜೋನಲ್ ಹರಿವು ಇಲ್ಲಿ ದುರ್ಬಲ. ಕತ್ತರಿ ಮೊಂಡಾದರೆ ಬಟ್ಟೆ ಉದ್ದವೇ ಉಳಿಯುತ್ತದೆ.

ಇದು ಬರಿ ಕಂಪ್ಯೂಟರಿನ ಕತೆಯಲ್ಲ. ಪ್ರಿನ್ಸ್‌ಟನ್‌ನ ಎನ್‌ಎಸ್‌ಟಿಎಕ್ಸ್ ಯಂತ್ರದಲ್ಲಿ ಮೈಕ್ರೋವೇವ್ ಚದುರಿಸಿ ಈ ಸಣ್ಣ ಸುಳಿಗಳನ್ನು ಕಂಡದ್ದು 2008ರಲ್ಲಿ ಪ್ರಕಟವಾಯಿತು. ನಮ್ಮ ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಇನ್ನೊಂದು ಜಾಣ ದಾರಿ ಹಿಡಿದರು. ಅಲ್ಲಿ ಎಲ್‌ವಿಪಿಡಿ ಎಂಬ 2 ಮೀಟರ್ ಅಡ್ಡಳತೆಯ ದೊಡ್ಡ ಸಿಲಿಂಡರ್ ಇದೆ. ಕಾಂತಕ್ಷೇತ್ರ ತೀರಾ ಕಡಿಮೆ ಇಟ್ಟರೆ ಎಲೆಕ್ಟ್ರಾನ್‌ನ ಸುತ್ತು ದೊಡ್ಡದಾಗುತ್ತದೆ. ಆಗ ಸಾಧಾರಣ ಪ್ರೋಬ್ ಇಳಿಸಿಯೇ ಸುಳಿ ಅಳೆಯಬಹುದು. ಹೀಗೆ ಇಟಿಜಿ ಟರ್ಬ್ಯುಲೆನ್ಸ್ ಕಂಡದ್ದನ್ನು ಅವರು 2012ರಲ್ಲಿ ಪ್ರಕಟಿಸಿದರು. ಟೋಕಮಾಕ್‌ನಲ್ಲಿ 0.05 ಮಿಲಿಮೀಟರ್ ಹಿಂದೆ ಓಡುವ ಬದಲು ಸುಳಿಯನ್ನೇ ದೊಡ್ಡದು ಮಾಡಿದ್ದು ನನಗೆ ಬಹಳ ಇಷ್ಟವಾದ ಉಪಾಯ.

ಇಟಿಜಿ ಮಾತ್ರದ ಲೆಕ್ಕ ಯಾವಾಗ ಸರಿ? ದೊಡ್ಡ ಸುಳಿಗಳನ್ನು ಬೇರೇನೋ ಅಡಗಿಸಿರುವ ಕಡೆ. ಎಚ್-ಮೋಡ್‌ನ (ಪ್ಲಾಸ್ಮಾ ಬಿಸಿಯನ್ನು ಚೆನ್ನಾಗಿ ಹಿಡಿದಿಡುವ ಸ್ಥಿತಿ) ಅಂಚಿನ ಕಡಿದಾದ ಇಳಿಜಾರು, ಪ್ಲಾಸ್ಮಾ ಜೋರಾಗಿ ತಿರುಗುವ ಎನ್‌ಎಸ್‌ಟಿಎಕ್ಸ್‌ನಂಥ ಯಂತ್ರಗಳು. ಆದರೆ ಅದೇ ಜಾಗಗಳಲ್ಲಿ ಎಂಟಿಎಂ ಕೂಡ ಹೊಂಚು ಹಾಕಿರುತ್ತದೆ. ಲೀನಿಯರ್ ರನ್‌ನಲ್ಲಿ ಅದನ್ನು ನೋಡಿಯೇ ಮುಂದೆ ಹೋಗಿ.

ಎರಡೂ ಒಟ್ಟಿಗೆ

ದೊಡ್ಡ ಸುಳಿಗೆ ಸಾಕಾಗುವ ಪೆಟ್ಟಿಗೆ, ಸಣ್ಣ ಸುಳಿ ಕಾಣುವ ಜಾಲರಿ. ಅಡ್ಡಕ್ಕೆ 60, ಉದ್ದಕ್ಕೆ 60, ಕಾಲದಲ್ಲಿ 60. ಸರಳ ಲೆಕ್ಕದಲ್ಲಿ 2 ಲಕ್ಷ ಪಟ್ಟು ಖರ್ಚು. ಕೈನೆಟಿಕ್ ಎಲೆಕ್ಟ್ರಾನ್ ಇದ್ದರೆ ಕಾಲದ ಹೆಜ್ಜೆ ಮೊದಲೇ ಸಣ್ಣದಿರುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ. ಆದರೂ ಗಾಬರಿ ಆಗುವಷ್ಟು ಆಗುತ್ತದೆ.

ಅಮೆರಿಕದ ಎಂಐಟಿಯಲ್ಲಿದ್ದ ಆಲ್ಕೇಟರ್ ಸಿ-ಮಾಡ್ ಯಂತ್ರದ ಪ್ರಯೋಗಕ್ಕೆ ಇಂಥ ಲೆಕ್ಕ ಮಾಡಿದರು. ನೇಥನ್ ಹೊವಾರ್ಡ್ ಮತ್ತು ಜೊತೆಗಾರರು ಅದನ್ನು 2016ರಲ್ಲಿ ಪ್ರಕಟಿಸಿದರು. ಒಂದೊಂದು ರನ್‌ಗೆ ಸುಮಾರು 1.5 ಕೋಟಿ ಪ್ರೊಸೆಸರ್ ಗಂಟೆ. ಸುಮಾರು 17,000 ಪ್ರೊಸೆಸರ್ 37 ದಿನ ಓಡಬೇಕು. ಆದರೆ ಫಲವೂ ಸಿಕ್ಕಿತು. ದೊಡ್ಡ ಸುಳಿ ಮಾತ್ರ ಇಟ್ಟ ಲೆಕ್ಕದಲ್ಲಿ ಎಲೆಕ್ಟ್ರಾನ್ ಬಿಸಿ ಅಳತೆಗಿಂತ ಬಹಳ ಕಡಿಮೆ ಬರುತ್ತಿತ್ತು. ಎರಡೂ ಇಟ್ಟಾಗ ಎಲೆಕ್ಟ್ರಾನ್, ಅಯಾನ್ ಎರಡರ ಹರಿವೂ ಅಳತೆಗೆ ಕೂಡಿಬಂತು.

ಅದಕ್ಕೆ ಒಂದು ವರ್ಷ ಮೊದಲು ಜಪಾನಿನ ಕೆ ಕಂಪ್ಯೂಟರಿನಲ್ಲಿ ಶಿನ್ಯಾ ಮಯೇಯಾಮ ಮತ್ತು ಜೊತೆಗಾರರು ಮಾಡಿದ ಲೆಕ್ಕ ಇನ್ನೂ ಸೊಗಸು. ದೊಡ್ಡ ಸುಳಿಗಳು ಜೋರಾಗಿದ್ದರೆ ಅವು ಸ್ಟ್ರೀಮರ್‌ಗಳನ್ನು ಹರಿದುಹಾಕುತ್ತವೆ. ದೊಡ್ಡವು ಹೊಸ್ತಿಲ ಹತ್ತಿರ ಸೊರಗಿದ್ದರೆ ಸಣ್ಣವು ತಲೆ ಎತ್ತುತ್ತವೆ. ಅಷ್ಟೇ ಅಲ್ಲ, ಜೋನಲ್ ಹರಿವನ್ನು ಕೆಡಿಸಿ ದೊಡ್ಡ ಸುಳಿಗಳಿಗೂ ಕುಮ್ಮಕ್ಕು ಕೊಡುತ್ತವೆ. ಆದ್ದರಿಂದ ಎರಡನ್ನು ಬೇರೆ ಬೇರೆ ಓಡಿಸಿ ಕೂಡಿಸಿದರೆ ಉತ್ತರ ತಪ್ಪುತ್ತದೆ. ಈ ಕೂಡಿಸುವ ಅಡ್ಡದಾರಿಯನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ.

ಹಾಗಾದರೆ ಇದನ್ನೇ ಆರಿಸಬೇಕೇ? ನಿಮಗೆ ಮೂರು ವರ್ಷ ಮತ್ತು ರಾಷ್ಟ್ರಮಟ್ಟದ ಸೂಪರ್‌ಕಂಪ್ಯೂಟರಿನಲ್ಲಿ ಪಾಲು ಇದ್ದರೆ, ಲೀನಿಯರ್ ರನ್ ಇಟಿಜಿ ಕಡೆ ಬೆರಳು ತೋರಿಸಿದ್ದರೆ, ಅಯಾನ್ ಗಾತ್ರದ ಲೆಕ್ಕ ಎಲೆಕ್ಟ್ರಾನ್ ಬಿಸಿಯಲ್ಲಿ ಮಾತ್ರ ಕಡಿಮೆ ಬೀಳುತ್ತಿದ್ದರೆ, ಆಗ ಹೌದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸ್ಯಾಟ್1 ಇರುವ ಟಿಜಿಎಲ್ಎಫ್ ಸಾಕು.

ಇಡೀ ಯಂತ್ರದ ಲೆಕ್ಕ

ತೆಳು ಕೊಳವೆಯ ಬದಲು ಇಡೀ ಪ್ಲಾಸ್ಮಾ ಹಿಡಿಯುವ ಕೋಡ್‌ಗಳೂ ಇವೆ. ಜಿಟಿಸಿ, ಓರ್ಬ್5, ಎಕ್ಸ್‌ಜಿಸಿ. ಪ್ಲಾಸ್ಮಾದ ಅಡ್ಡಕೊಯ್ತದ ತ್ರಿಜ್ಯ ಅಯಾನ್ ಸುತ್ತಿನ ಕೆಲವು ನೂರು ಪಟ್ಟು ಇದ್ದರೆ ಕೊಳವೆಯೂ ಇಡೀ ಯಂತ್ರವೂ ಹತ್ತಿರ ಹತ್ತಿರ ಒಂದೇ ಉತ್ತರ ಕೊಡುತ್ತವೆ. ಯಂತ್ರ ಚಿಕ್ಕದಾದರೆ ಕೊಡುವುದಿಲ್ಲ. ಇಟರ್‌ನ ನಡುಭಾಗಕ್ಕೆ ಕೊಳವೆ ಸಾಕು. ಗಾಂಧಿನಗರದ ಆದಿತ್ಯ-ಯು ಯಂತ್ರದ ಅಡ್ಡಕೊಯ್ತದ ತ್ರಿಜ್ಯ 25 ಸೆಂಟಿಮೀಟರ್ ಮಾತ್ರ. ಅಂಥಲ್ಲಿ ಇಡೀ ಯಂತ್ರ ಹಿಡಿಯುವುದೇ ನೆಮ್ಮದಿ. ಅಂಚಿನ ಹತ್ತಿರದ ಕೆಲಸಕ್ಕೂ ಅಷ್ಟೇ.

ಬೆಂಗಳೂರಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದ ಗುಂಪೊಂದು ಜಿಟಿಸಿ ಬಳಸಿ ಆದಿತ್ಯ-ಯು ಪ್ಲಾಸ್ಮಾದ ಲೆಕ್ಕ ಮಾಡಿದೆ. ಅಲ್ಲಿ ಮೇಲುಗೈ ಟಿಇಎಂನದು ಎಂದು ತೋರಿಸಿದೆ. ಜಿ2ಸಿ3 ಎಂಬ ತಮ್ಮದೇ ಕೋಡನ್ನೂ ಅವರು ಕಟ್ಟುತ್ತಿದ್ದಾರೆ. 2022ರಲ್ಲಿ ಅದೇ ಆವರಣದಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ನ ಯಂತ್ರ. ಎರಡೂ ಸುಳಿಗಳನ್ನು ಒಟ್ಟಿಗೆ ಹಿಡಿಯುವ ಆಸೆ ಅದರ ಮೇಲೆ ಇಟ್ಟುಕೊಳ್ಳಬೇಡಿ. ಅಯಾನ್ ಗಾತ್ರದ ಲೆಕ್ಕಗಳಿಗೆ ಇಂಥ ಯಂತ್ರ ಧಾರಾಳವಾಗಿ ಸಾಕು.

ನನ್ನ ಲೆಕ್ಕದ ಪುಸ್ತಕ

ಆರು ತಿಂಗಳ ಪ್ರಾಜೆಕ್ಟ್ ಇದ್ದರೆ ನಾನು ಸಮಯ ಹಂಚುವುದು ಹೀಗೆ. ಮೊದಲ ತಿಂಗಳು ಪೂರ್ತಿ ಅಳತೆಯ ಇಳಿಜಾರು ಮತ್ತು ಅದರ ತಪ್ಪಿನ ಗಾತ್ರಕ್ಕೆ. ಬೇಜಾರಿನ ಕೆಲಸ, ಆದರೆ ಇಲ್ಲಿ ಅವಸರ ಮಾಡಿದವರು ಕೊನೆಗೆ ಇಲ್ಲಿಗೇ ವಾಪಸ್ ಬರುತ್ತಾರೆ. ಎರಡನೇ ತಿಂಗಳು ಲೀನಿಯರ್ ರನ್, ಆ ಭಾಗಾಕಾರ, ಎಂಟಿಎಂ ಹುಡುಕಾಟ. ಮೂರು ಮತ್ತು ನಾಲ್ಕು ಟಿಜಿಎಲ್ಎಫ್. ಇಳಿಜಾರು, ಕರೆಂಟ್, ಡಿಕ್ಕಿಗಳ ದರ ಎಲ್ಲವನ್ನೂ ಆಚೀಚೆ ಮಾಡಿ ನೋಡಲು ಅಷ್ಟು ದಿನ ಬೇಕು. ಐದನೇ ತಿಂಗಳು ಒಂದೇ ಒಂದು ಜಾಗದಲ್ಲಿ, ಸಾಮಾನ್ಯವಾಗಿ ಕೇಂದ್ರ ಮತ್ತು ಅಂಚಿನ ನಡುವೆ ಅರ್ಧ ದಾರಿಯಲ್ಲಿ, ಕೈನೆಟಿಕ್ ಎಲೆಕ್ಟ್ರಾನ್ ಇಟ್ಟು ಪೂರ್ತಿ ಲೆಕ್ಕ ಮೂರು ನಾಲ್ಕು ಸಲ. ಟಿಜಿಎಲ್ಎಫ್ ಇದರ ಹತ್ತಿರ ಬಂದರೆ ಉಳಿದ ಕಡೆಯೂ ಅದನ್ನು ನಂಬಬಹುದು. ಬರದಿದ್ದರೆ ಆ ಅಂತರವೇ ನಿಮ್ಮ ಪ್ರಾಜೆಕ್ಟ್.

ಆರನೇ ತಿಂಗಳು ಬರೆಯುವುದಕ್ಕೆ. ಇನ್‌ಪುಟ್ ಫೈಲುಗಳನ್ನು ವರದಿಯ ಜೊತೆಗೇ ಇಡಿ. ಮುಂದೆ ಅದೇ ಪ್ಲಾಸ್ಮಾ ಹಿಡಿಯುವ ಹುಡುಗಿಯೋ ಹುಡುಗನೋ ಮೊದಲು ತೆರೆಯುವುದು ಅದನ್ನೇ.